ಮೆದುಳಿನ ಕಾಯಿಲೆಗಳ ಸಂಶೋಧನೆಗೆ ಬೇಸಿಗೆ ಕೋರ್ಸ್: ಯಾರಿಗೆ ಯಾವುದು?

ಮೆದುಳಿನ ಕಾಯಿಲೆಗಳ ಸಂಶೋಧನೆಗೆ ಈಗಷ್ಟೇ ಕಾಲಿಡುತ್ತಿರುವವರ ಮುಂದೆ ಪ್ರತಿ ವರ್ಷವೂ ಬೇಸಿಗೆ ಕೋರ್ಸ್‌ಗಳ ದೊಡ್ಡ ಪಟ್ಟಿಯೇ ಇರುತ್ತದೆ. ಒಂದು ವಾರದ್ದು, ಮೂರು ವಾರದ್ದು, ಎರಡು ತಿಂಗಳದ್ದು, ಮನೆಯಲ್ಲೇ ಕೂತು ಮಾಡುವಂಥದ್ದು. ಪ್ರಕಟಣೆಗಳನ್ನು ಓದಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಹೆಸರಾಂತ ವಿಜ್ಞಾನಿಗಳು ಬರುತ್ತಾರೆ, ಹೊಸ ತಂತ್ರಗಳನ್ನು ಕಲಿಸುತ್ತಾರೆ, ಬೇರೆ ಬೇರೆ ದೇಶದವರ ಪರಿಚಯ ಆಗುತ್ತದೆ. ಹೀಗಿರುವಾಗ ಬಹಳ ಜನ ಸಂಸ್ಥೆಯ ಹೆಸರು ನೋಡಿ ಅರ್ಜಿ ಹಾಕಿಬಿಡುತ್ತಾರೆ.

ಹೆಸರಿಗಿಂತ ವೇಳಾಪಟ್ಟಿ ಮುಖ್ಯ ಅನ್ನುವುದು ನನ್ನ ಖಚಿತ ಅಭಿಪ್ರಾಯ. ದಿನದ ಎಷ್ಟು ಗಂಟೆ ಕೇಳುತ್ತ ಕೂರುತ್ತೀರಿ, ಎಷ್ಟು ಗಂಟೆ ನೀವೇ ಏನಾದರೂ ಮಾಡುತ್ತೀರಿ, ರೋಗಿಗಳ ಮಾತು ಕೇಳುವ ಅವಕಾಶ ಇದೆಯಾ, ಪಾಠ ಮಾಡಿದವರ ಜೊತೆ ಆಮೇಲೆ ಕೂತು ಮಾತಾಡಬಹುದಾ? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ನಿರ್ಧಾರ ಆದ ಹಾಗೆಯೇ. ಉಳಿದ ಅರ್ಧ ನಿಮ್ಮ ಕೈಯಲ್ಲಿದೆ: ನಿಮಗೆ ಈಗ ಏನು ಗೊತ್ತಿಲ್ಲ?

ಯಾವ ಕಾಯಿಲೆ, ಯಾವ ಪ್ರಶ್ನೆ ಅಂತಲೇ ಇನ್ನೂ ತೀರ್ಮಾನ ಆಗಿಲ್ಲದಿದ್ದರೆ ಒಂದು ಬಗೆಯ ಕೋರ್ಸ್ ಬೇಕು. ಪ್ರಶ್ನೆ ಇದೆ, ಅದಕ್ಕೆ ಬೇಕಾದ ಪ್ರಯೋಗ ಮಾಡಲು ಬರುವುದಿಲ್ಲ ಅಂದರೆ ಇನ್ನೊಂದು ಬಗೆ. ಡೇಟಾ ಕಂಪ್ಯೂಟರಿನಲ್ಲಿದೆ, ಏನು ಮಾಡಬೇಕೆಂದು ತೋಚುತ್ತಿಲ್ಲ ಅಂದರೆ ಮೂರನೆಯದು. ಇವನ್ನು ಅದಲುಬದಲು ಮಾಡಿಕೊಂಡರೆ ಎಷ್ಟೇ ಒಳ್ಳೆಯ ಕೋರ್ಸ್ ಆದರೂ ಉಪಯೋಗಕ್ಕೆ ಬರುವುದಿಲ್ಲ.

ಈ ಕ್ಷೇತ್ರಕ್ಕೆ ಪರಿಚಯದ ಕೋರ್ಸ್ ಯಾಕೆ ಬೇಕು

ಎರಡು ಕಾಯಿಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಮೈಯ ಚಲನೆ, ಯೋಚನೆ ಎರಡನ್ನೂ ಕ್ರಮೇಣ ಕೆಡಿಸುವ ಹಂಟಿಂಗ್ಟನ್ ಕಾಯಿಲೆಗೆ ಕಾರಣ ಒಂದೇ ಒಂದು ಜೀನ್. ಅದು ನಾಲ್ಕನೇ ಕ್ರೋಮೋಸೋಮಿನಲ್ಲಿದೆ ಅಂತ 1983ರಲ್ಲಿ ಗೊತ್ತಾಯಿತು. ಜೀನ್ ಕೈಗೆ ಸಿಕ್ಕಿದ್ದು 1993ರಲ್ಲಿ. ಅದರೊಳಗೆ ಸಿಎಜಿ ಎಂಬ ಮೂರಕ್ಷರದ ತುಣುಕು ಮತ್ತೆ ಮತ್ತೆ ಬರುತ್ತದೆ. 40 ಅಥವಾ ಅದಕ್ಕಿಂತ ಜಾಸ್ತಿ ಸಲ ಬಂದರೆ, ಆ ವ್ಯಕ್ತಿ ಪೂರ್ಣ ಆಯಸ್ಸು ಬದುಕಿದರೆ, ಕಾಯಿಲೆ ಬಂದೇ ಬರುತ್ತದೆ. ಕಾರಣ ಇಷ್ಟು ಸ್ಪಷ್ಟ.

ಸ್ಕಿಜೋಫ್ರೇನಿಯಾದ ಕತೆಯೇ ಬೇರೆ. 2014ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ನಮ್ಮ ಜೀನೋಮಿನ, ಅಂದರೆ ಇಡೀ ಡಿಎನ್‌ಎಯ, 108 ಜಾಗಗಳಿಗೂ ಈ ಕಾಯಿಲೆಗೂ ನಂಟಿದೆ ಎಂದು ತೋರಿಸಿತು. 2022ರ ಹೊತ್ತಿಗೆ ಈ ಸಂಖ್ಯೆ 287ಕ್ಕೆ ಏರಿತು. ಅದಕ್ಕಾಗಿ 76 ಸಾವಿರಕ್ಕೂ ಹೆಚ್ಚು ರೋಗಿಗಳ ಡಿಎನ್‌ಎ ಪರೀಕ್ಷಿಸಬೇಕಾಯಿತು. ಒಂದೊಂದು ಜಾಗದ ಪಾಲೂ ತೀರಾ ಚಿಕ್ಕದು. ಇಷ್ಟಾದರೂ ಇವತ್ತಿಗೂ ಸ್ಕಿಜೋಫ್ರೇನಿಯಾವನ್ನು ಗುರುತಿಸುವುದು ವೈದ್ಯರು ರೋಗಿಯ ಜೊತೆ ಮಾತಾಡಿ, ಮನೆಯವರನ್ನು ಕೇಳಿ, ಗಮನವಿಟ್ಟು ನೋಡಿ. ಇದೇ ಕಾಯಿಲೆ ಅಂತ ಹೇಳುವ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ.

ಈ ಎರಡರ ನಡುವೆ ಪಾರ್ಕಿನ್ಸನ್, ಆಲ್ಝೈಮರ್, ಮೂರ್ಛೆ ರೋಗ, ಆಟಿಸಂ, ಬೈಪೋಲಾರ್, ಖಿನ್ನತೆ ಎಲ್ಲವೂ ಬರುತ್ತವೆ. ಜೀನಿನಿಂದ ಹಿಡಿದು ಜೀವಕೋಶ, ನರಗಳ ಜಾಲ, ಇಡೀ ಮೆದುಳು, ಮನುಷ್ಯ, ಅವನ ಸಂಸಾರದ ತನಕ ಒಂದು ಉದ್ದದ ದಾರಿ ಇದೆ. ಇಲಿಯ ಮೆದುಳಿನಲ್ಲಿ ಕೆಲಸ ಮಾಡುವ ಪಿಎಚ್‌ಡಿ ವಿದ್ಯಾರ್ಥಿ ಒಬ್ಬ ರೋಗಿಯನ್ನೂ ನೋಡದೆ ಪದವಿ ಮುಗಿಸಬಹುದು. ಮನೋವೈದ್ಯರಾಗಲು ಓದುತ್ತಿರುವವರು ಜೀನ್ ಅಧ್ಯಯನದ ಒಂದು ಚಿತ್ರವನ್ನೂ ಅರ್ಥ ಮಾಡಿಕೊಳ್ಳದೆ ಹೋಗಬಹುದು. ಈ ಅಂತರ ಕಡಿಮೆ ಮಾಡುವುದೇ ಪರಿಚಯದ ಕೋರ್ಸ್‌ನ ನಿಜವಾದ ಕೆಲಸ.

ಒಂದು ವಾರದಲ್ಲಿ ಇಡೀ ದಾರಿ

ಬ್ರಿಟನ್‌ನ ಕಾರ್ಡಿಫ್ ವಿಶ್ವವಿದ್ಯಾಲಯ ನಡೆಸುತ್ತ ಬಂದಿರುವ ಮೆದುಳಿನ ಕಾಯಿಲೆಗಳ ಸಂಶೋಧನೆಯ ಬೇಸಿಗೆ ಶಾಲೆ ಈ ಬಗೆಗೆ ಒಳ್ಳೆಯ ಉದಾಹರಣೆ. ವೈದ್ಯರು ಮತ್ತು ಆರಂಭ ಹಂತದ ಸಂಶೋಧಕರನ್ನು ಗಮನದಲ್ಲಿಟ್ಟುಕೊಂಡು ರೂಪಿಸಿದ್ದು ಇದು. ಮೇಲೆ ಹೇಳಿದ ಸ್ಕಿಜೋಫ್ರೇನಿಯಾ ಅಧ್ಯಯನಗಳ ಮುಂಚೂಣಿಯಲ್ಲಿದ್ದ ತಂಡ ಇರುವುದು ಅಲ್ಲೇ. ಅಲ್ಲಿನ ಮೆದುಳು ಚಿತ್ರಣ ಕೇಂದ್ರಕ್ಕೆ 2016ರಲ್ಲಿ ಹೊಸ ಕಟ್ಟಡ ಬಂತು. ಮೆದುಳಿನ ನರತಂತುಗಳನ್ನು ಬಹಳ ಸೂಕ್ಷ್ಮವಾಗಿ ತೋರಿಸುವ ವಿಶೇಷ ಎಂಆರ್‌ಐ ಯಂತ್ರವೂ ಅಲ್ಲಿದೆ. ಜೀನ್ ಹುಡುಕುವವರು, ಸ್ಕ್ಯಾನ್ ಮಾಡುವವರು, ರೋಗಿಗಳನ್ನು ನೋಡುವವರು ಒಂದೇ ಊರಿನಲ್ಲಿದ್ದರೆ ಒಂದು ವಾರದಲ್ಲಿ ಮೂವರ ಮಾತೂ ಕೇಳಬಹುದು. ಇಂಥ ಕೋರ್ಸ್‌ಗೆ ಅದೇ ದೊಡ್ಡ ಬಲ.

ಒಂದು ವಾರದಲ್ಲಿ ಯಾವ ತಂತ್ರವೂ ಕೈಗೆ ಹತ್ತುವುದಿಲ್ಲ. ಅದನ್ನು ನಿರೀಕ್ಷಿಸಲೂ ಬಾರದು. ಸಿಗುವುದು ಬೇರೆ. ಬೇರೆಯವರ ಭಾಷೆ ಅರ್ಥವಾಗಲು ಶುರುವಾಗುತ್ತದೆ. ಜೀನ್ ಅಧ್ಯಯನದ ಮ್ಯಾನ್‌ಹಟನ್ ಚಿತ್ರ ಅಂದರೇನು, ರೋಗಿಯ ಚರ್ಮದ ಅಥವಾ ರಕ್ತದ ಕೋಶದಿಂದ ನರಕೋಶ ಬೆಳೆಸುವುದು ಹೇಗೆ, ಸ್ಕ್ಯಾನ್‌ನಲ್ಲಿ ಕಾಣುವ ಬಣ್ಣದ ಕಲೆ ನಿಜಕ್ಕೂ ಏನನ್ನು ಅಳೆಯುತ್ತದೆ, ಔಷಧ ಪರೀಕ್ಷೆಯ ಹಂತಗಳು ಯಾವುವು. ಇವನ್ನೆಲ್ಲ ಒಂದೇ ವಾರದಲ್ಲಿ ಒಂದರ ಪಕ್ಕ ಒಂದು ಕೇಳಿದರೆ, ಬಿಡಿಬಿಡಿಯಾಗಿ ಓದಿದಾಗ ಕಾಣದ ನಂಟು ಕಾಣುತ್ತದೆ. ವಯಸ್ಕ ಮನುಷ್ಯನ ಚರ್ಮದ ಕೋಶವನ್ನು ಮತ್ತೆ ಕಾಂಡಕೋಶವಾಗಿ, ಅಂದರೆ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಕೋಶವಾಗಿ, ತಿರುಗಿಸಬಹುದು ಅಂತ ತೋರಿಸಿದ್ದು 2007ರಲ್ಲಿ. ಅಂಥ ಕೋಶಗಳಿಂದ ಬೆಳೆಸಿದ ಪುಟ್ಟ ಮೆದುಳು ಅಂಗಾಂಶ, ಅಂದರೆ ಆರ್ಗನಾಯ್ಡ್, ಬಂದದ್ದು 2013ರಲ್ಲಿ. 287 ಜಾಗಗಳ ಪಟ್ಟಿ ಹಿಡಿದವರಿಗೆ ಮುಂದಿನ ದಾರಿ ಈ ಕೋಶಗಳಲ್ಲೇ ಇರಬಹುದು. ಇಂಥ ಯೋಚನೆ ಹುಟ್ಟುವುದು ಇಬ್ಬರ ಪಾಠವನ್ನೂ ಕೇಳಿದವರಿಗೆ.

ಈ ಬಗೆಯಲ್ಲೂ ಒಳ್ಳೆಯದು ಕೆಟ್ಟದ್ದು ಇದೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಒಂದರ ಹಿಂದೊಂದು ಉಪನ್ಯಾಸ ಇಟ್ಟಿದ್ದರೆ ಅದಕ್ಕೆ ಪ್ರಯಾಣ ಮಾಡಿ ಹೋಗುವ ಅಗತ್ಯವಿಲ್ಲ. ಅಷ್ಟನ್ನು ವಿಡಿಯೊ ನೋಡಿ ಕಲಿಯಬಹುದು, ಅಲ್ವಾ? ಸಣ್ಣ ಗುಂಪಿನ ಚರ್ಚೆ, ಒಂದು ಸಂಶೋಧನಾ ಪ್ರಸ್ತಾವ ಬರೆದು ಎಲ್ಲರ ಮುಂದೆ ಇಡುವ ಅಭ್ಯಾಸ, ಪ್ರಯೋಗಾಲಯ ಭೇಟಿ, ಕಾಯಿಲೆಯ ಜೊತೆ ಬದುಕುತ್ತಿರುವವರೇ ಬಂದು ಮಾತಾಡುವ ಒಂದು ಹೊತ್ತು, ಇವು ಇವೆಯೇ ನೋಡಿ. ಕೊನೆಯದು ಇದ್ದರೆ ನಾನು ಬೇರೆ ಕೊರತೆಗಳನ್ನು ಕ್ಷಮಿಸುತ್ತೇನೆ. ಕಾಯಿಲೆಯ ಯಾವ ಭಾಗ ತಮ್ಮನ್ನು ಜಾಸ್ತಿ ಕಾಡುತ್ತದೆ ಅಂತ ರೋಗಿಗಳು ಹೇಳುವುದಕ್ಕೂ ಸಂಶೋಧಕರು ಅಳೆಯುವುದಕ್ಕೂ ಎಷ್ಟೋ ಸಲ ಹೊಂದಿಕೆಯೇ ಇರುವುದಿಲ್ಲ. ಸ್ಕಿಜೋಫ್ರೇನಿಯಾ ಅಂದರೆ ಹೊರಗಿನವರಿಗೆ ಕಿವಿಯಲ್ಲಿ ಕೇಳುವ ಧ್ವನಿಗಳು ನೆನಪಾಗುತ್ತವೆ. ಕೆಲಸ ಉಳಿಸಿಕೊಳ್ಳಲು, ಓದು ಮುಂದುವರಿಸಲು ಅಡ್ಡಿಯಾಗುವುದು ಮಾತ್ರ ಹಲವರಿಗೆ ಗಮನ, ನೆನಪು ಮತ್ತು ಉತ್ಸಾಹದ ಕುಂದು. ಈಗಿನ ಔಷಧಿಗಳು ಈ ಕುಂದನ್ನು ಅಷ್ಟಾಗಿ ಸರಿಪಡಿಸುವುದಿಲ್ಲ. ಇದನ್ನು ಒಬ್ಬರ ಬಾಯಿಂದ ನೇರವಾಗಿ ಕೇಳಿದ ಮೇಲೆ ಸಂಶೋಧನೆಯ ಪ್ರಶ್ನೆಯೇ ಬದಲಾಗಬಹುದು.

ಕೈಯಾರೆ ಪ್ರಯೋಗ ಕಲಿಯುವ ಕೋರ್ಸ್‌ಗಳು

ಇವು ಪೂರ್ತಿ ಬೇರೆ ಲೋಕ. ಅಮೆರಿಕದ ವುಡ್ಸ್ ಹೋಲ್‌ನಲ್ಲಿರುವ ಮರೈನ್ ಬಯಾಲಜಿಕಲ್ ಲ್ಯಾಬೊರೇಟರಿ 1888ರಲ್ಲಿ ಶುರುವಾಯಿತು. ಅಲ್ಲಿನ ನ್ಯೂರೋಬಯಾಲಜಿ ಕೋರ್ಸ್ 1970ರಿಂದ ನಡೆಯುತ್ತಿದೆ. ಅದು ಸುಮಾರು ಎಂಟು ವಾರದ್ದು. ನ್ಯೂಯಾರ್ಕ್ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಲ್ಯಾಬೊರೇಟರಿಯಲ್ಲಿ ಇದಕ್ಕಿಂತ ಚಿಕ್ಕ ಕೋರ್ಸ್‌ಗಳಿವೆ. ಚಟದ ಜೀವಕೋಶ ಮಟ್ಟದ ಜೀವಶಾಸ್ತ್ರದ ಬಗ್ಗೆಯೇ ಅಲ್ಲಿ ಒಂದು ಕೋರ್ಸ್ ವರ್ಷಗಳಿಂದ ನಡೆದುಬಂದಿದೆ. ಮೆದುಳಿನ ಕಾಯಿಲೆಯನ್ನೇ ನೇರವಾಗಿ ಎತ್ತಿಕೊಳ್ಳುವ ಇಂಥ ಕೋರ್ಸ್‌ಗಳು ಕಡಿಮೆ. ಯುರೋಪಿನಲ್ಲಿ ಕಹಾಲ್ ಕಾರ್ಯಕ್ರಮ ಇದೆ. ನರಕೋಶಗಳ ಚಿತ್ರ ಬಿಡಿಸಿ 1906ರಲ್ಲಿ ನೊಬೆಲ್ ಪಡೆದ ಸಾಂತಿಯಾಗೊ ರಾಮೋನ್ ಇ ಕಹಾಲ್ ಹೆಸರಿನದು. ಫ್ರಾನ್ಸಿನ ಬೋರ್ಡೊ ಮತ್ತು ಪೋರ್ಚುಗಲ್ಲಿನ ಲಿಸ್ಬನ್ ಅದರ ಮುಖ್ಯ ನೆಲೆಗಳು. ಸಾಮಾನ್ಯವಾಗಿ ಮೂರು ವಾರ, ಉಪನ್ಯಾಸದ ಜೊತೆಗೆ ಸಣ್ಣ ಪ್ರಾಜೆಕ್ಟ್‌ಗಳು.

ಇಲ್ಲಿ ಕೆಲಸ ಬೆಳಗ್ಗೆ ಶುರುವಾದರೆ ರಾತ್ರಿ ಯಾವಾಗ ಮುಗಿಯುತ್ತದೆ ಅಂತ ಹೇಳಲಾಗದು. ಒಂದೇ ನರಕೋಶಕ್ಕೆ ಗಾಜಿನ ಸೂಕ್ಷ್ಮ ಪಿಪೆಟ್ ಅಂಟಿಸಿ ಅದರ ವಿದ್ಯುತ್ ಅಳೆಯುವ ಪ್ಯಾಚ್ ಕ್ಲ್ಯಾಂಪ್, ಬೆಳಕಿನಿಂದ ನರಕೋಶವನ್ನು ಚಾಲೂ ಮಾಡುವ ಆಪ್ಟೋಜೆನೆಟಿಕ್ಸ್, ಜೀವಂತ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಇವೆಲ್ಲ ಪುಸ್ತಕ ಓದಿ ಬರುವ ವಿದ್ಯೆಯಲ್ಲ. ದಡದಲ್ಲಿ ಕೂತು ಈಜು ಕಲಿಯಲು ಆಗುತ್ತದೆಯೇ? ಪಿಪೆಟ್ ತುದಿ ಕೋಶದ ಪೊರೆಗೆ ಸರಿಯಾಗಿ ಕಚ್ಚಿಕೊಳ್ಳುವ ಆ ಗಳಿಗೆಗೆ ಗಂಟೆಗಟ್ಟಲೆ ತಾಳ್ಮೆ ಬೇಕು, ಜೊತೆಗೆ ಪಕ್ಕದಲ್ಲಿ ನಿಂತು ತಿದ್ದುವವರು ಬೇಕು. ಈ ಕೋರ್ಸ್‌ಗಳು ಕೊಡುವುದು ಅದನ್ನೇ. ತೆಗೆದುಕೊಳ್ಳುವ ವಿದ್ಯಾರ್ಥಿಗಳ ಸಂಖ್ಯೆ ಅದಕ್ಕೇ ಚಿಕ್ಕದು.

ಅರ್ಜಿ ಹಾಕುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. ವಾಪಸ್ ಬಂದ ಮೇಲೆ ಆ ಉಪಕರಣ ನಿಮ್ಮ ಪ್ರಯೋಗಾಲಯದಲ್ಲಿ ಇದೆಯೇ? ಇಲ್ಲದಿದ್ದರೆ ಒಂದು ವರ್ಷದೊಳಗೆ ಬರುವ ಸಾಧ್ಯತೆ ಇದೆಯೇ? ಕೈಗೆ ಹತ್ತಿದ ಕೌಶಲ ಬಳಸದಿದ್ದರೆ ಬಹಳ ಬೇಗ ಮರೆತುಹೋಗುತ್ತದೆ. ನಿಮ್ಮ ಗೈಡ್ ಹತ್ತಿರ ಕೂತು ಇದನ್ನು ಬಿಡಿಸಿ ಮಾತಾಡಿ. ಉಪಕರಣ ಬರುವ ಲಕ್ಷಣ ಇಲ್ಲದಿದ್ದರೆ, ಎಷ್ಟೇ ಆಸೆ ಇದ್ದರೂ, ಈ ವರ್ಷ ಬೇರೆ ಕೋರ್ಸ್ ಆರಿಸಿಕೊಳ್ಳುವುದು ಒಳ್ಳೆಯದು ಅಂತ ನಾನು ಹೇಳುತ್ತೇನೆ. ನೀವು ಆ ಜಾಗ ತೆಗೆದುಕೊಂಡರೆ ಅದರ ಅಗತ್ಯ ನಿಜವಾಗಿ ಇರುವ ಇನ್ನೊಬ್ಬರಿಗೆ ಅದು ತಪ್ಪುತ್ತದೆ ಎಂಬುದನ್ನೂ ಯೋಚಿಸಬೇಕು.

ಇನ್ನೊಂದು ವಿಷಯ. ಈ ಕೋರ್ಸ್‌ಗಳು ಕಲಿಸುವುದು ಹೆಚ್ಚಾಗಿ ಆರೋಗ್ಯವಂತ ಮೆದುಳು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು. ಕಾಯಿಲೆಗೆ ಅದನ್ನು ಜೋಡಿಸುವ ಹೊಣೆ ನಿಮ್ಮದೇ. ಪ್ರಾಣಿಗಳ ಮೇಲಿನ ಕೆಲಸಕ್ಕೂ ಮನುಷ್ಯರ ಕಾಯಿಲೆಗೂ ನಡುವಿನ ಅಂತರ ತಿಳಿಯದೆ ಹೋದರೆ ಅಳತೆ ಪಕ್ಕಾ ಬಂದರೂ ಅರ್ಥ ತಪ್ಪುತ್ತದೆ. ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಎಳೆವಯಸ್ಸಿನಲ್ಲೇ ಬಂದು ಮಾತು, ಕೈಬಳಕೆ ಕುಂದಿಸುವ ರೆಟ್ ಸಿಂಡ್ರೋಮ್ ಇದಕ್ಕೆ ಒಳ್ಳೆಯ ಪಾಠ. ಅದಕ್ಕೆ ಕಾರಣವಾದ ಎಂಇಸಿಪಿ2 ಜೀನ್ 1999ರಲ್ಲಿ ಗೊತ್ತಾಯಿತು. ಕಾಯಿಲೆ ಬಂದ ಇಲಿಗಳಲ್ಲಿ ಈ ಜೀನನ್ನು ಮತ್ತೆ ಚಾಲೂ ಮಾಡಿದರೆ ಲಕ್ಷಣಗಳು ಹಿಂದೆ ಸರಿಯುತ್ತವೆ ಎಂದು 2007ರಲ್ಲಿ ತೋರಿಸಿದರು. ಮನೆಮಂದಿಗೆಲ್ಲ ಅದು ಎಂಥ ಭರವಸೆ ಕೊಟ್ಟಿರಬೇಕು! ಈ ಕಾಯಿಲೆಗೆಂದೇ ಅಮೆರಿಕದಲ್ಲಿ ಮೊದಲ ಔಷಧಿಗೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಅದೂ ಜೀನನ್ನು ಸರಿಪಡಿಸುವ ಔಷಧಿಯಲ್ಲ, ಕೆಲವು ಲಕ್ಷಣಗಳನ್ನು ತುಸು ಕಡಿಮೆ ಮಾಡುವಂಥದ್ದು. ಇಲಿಯಿಂದ ಮನುಷ್ಯನ ತನಕದ ದಾರಿ ಇಷ್ಟು ಉದ್ದ.

ಲೆಕ್ಕ, ಕೋಡ್, ಡೇಟಾ

ಕಂಪ್ಯೂಟರ್ ಕಡೆಯ ಆಯ್ಕೆಗಳು ಈಗ ಬಹಳ ಇವೆ. ಪ್ರಯಾಣದ ಖರ್ಚಿಲ್ಲದವು ಕೂಡ ಸಿಗುತ್ತವೆ.

ನ್ಯೂರೋಮ್ಯಾಚ್ ಅಕಾಡೆಮಿ 2020ರಲ್ಲಿ, ಕೊರೊನಾ ಕಾಲದಲ್ಲಿ, ಪೂರ್ತಿ ಆನ್‌ಲೈನ್ ಆಗಿ ಶುರುವಾಯಿತು. ಮೂರು ವಾರ, ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುತ್ತ ಮೆದುಳಿನ ಡೇಟಾ ಅರ್ಥ ಮಾಡಿಕೊಳ್ಳುವುದು. ವಿದ್ಯಾರ್ಥಿಗಳನ್ನು ಸಣ್ಣ ಗುಂಪುಗಳಾಗಿ ಮಾಡಿ ಒಬ್ಬ ಸಹಾಯಕ ಶಿಕ್ಷಕರನ್ನು ಕೊಡುತ್ತಾರೆ. ಶುಲ್ಕ ಆಯಾ ದೇಶದ ಜೀವನವೆಚ್ಚಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಪಾಠಗಳೆಲ್ಲ ಉಚಿತವಾಗಿ ಯಾರು ಬೇಕಾದರೂ ನೋಡಬಹುದು. ಹಾಗಾದರೆ ಸೇರುವುದು ಯಾಕೆ? ಗುಂಪಿಗಾಗಿ. ಒಬ್ಬರೇ ಕೂತರೆ ಮೊದಲ ವಾರದಲ್ಲೇ ಕೈಬಿಡುವ ವಿಷಯವನ್ನು ನಾಲ್ಕು ಜನ ಕಾಯುತ್ತಿದ್ದಾರೆ ಅನ್ನುವ ಕಾರಣಕ್ಕೆ ಮುಗಿಸುತ್ತೇವೆ. ಆದರೆ ದಿನಪೂರ್ತಿ ಕೆಲಸ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ಆಸ್ಪತ್ರೆ ಡ್ಯೂಟಿಯ ನಡುವೆ ಮಾಡುತ್ತೇನೆ ಅಂದರೆ ಆಗುವುದಿಲ್ಲ.

ಕಾಯಿಲೆಗೇ ಹತ್ತಿರದ್ದು ಬೇಕಾದರೆ ಜೂರಿಕ್‌ನಲ್ಲಿ ನಡೆಯುವ ಕಂಪ್ಯೂಟೇಷನಲ್ ಸೈಕಿಯಾಟ್ರಿ ಕೋರ್ಸ್ ನೋಡಿ. ನಿರ್ಧಾರ ತೆಗೆದುಕೊಳ್ಳುವುದು, ಕಲಿಯುವುದು, ನಂಬುವುದು, ಇವನ್ನೆಲ್ಲ ಗಣಿತದ ಮಾದರಿಯಾಗಿ ಬರೆದು, ಖಿನ್ನತೆ ಅಥವಾ ಸೈಕೋಸಿಸ್‌ನಲ್ಲಿ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಎಲ್ಲಿ ತಪ್ಪುತ್ತದೆ ಅಂತ ಹುಡುಕುವ ವಿಧಾನ ಅದು. ಮನೋವೈದ್ಯರೂ ಗಣಿತದವರೂ ಒಂದೇ ಕೋಣೆಯಲ್ಲಿ ಕೂರುವ ಅಪರೂಪದ ಜಾಗ.

ನಿಮ್ಮ ಕೈಯಲ್ಲಿ ಈಗಾಗಲೇ ಎಂಆರ್‌ಐ ಡೇಟಾ ಇದ್ದರೆ ದೊಡ್ಡ ಹೆಸರಿನ ಬೇಸಿಗೆ ಶಾಲೆಗಿಂತ ಒಂದು ಸಾಫ್ಟ್‌ವೇರ್ ಕೋರ್ಸ್ ಸಾವಿರ ಪಾಲು ವಾಸಿ. ಸ್ಕ್ಯಾನ್ ಡೇಟಾ ವಿಶ್ಲೇಷಿಸುವ ಸಾಫ್ಟ್‌ವೇರ್‌ಗಳಾದ ಆಕ್ಸ್‌ಫರ್ಡ್‌ನ ಎಫ್‌ಎಸ್‌ಎಲ್, ಲಂಡನ್ನಿನ ಎಸ್‌ಪಿಎಂ ಎರಡಕ್ಕೂ ಅವನ್ನು ರೂಪಿಸಿದ ತಂಡದವರೇ ಕೆಲವು ದಿನಗಳ ತರಬೇತಿ ನಡೆಸುತ್ತಾರೆ. ಜೀನ್ ಡೇಟಾದವರಿಗೆ ಅಮೆರಿಕದ ಬೋಲ್ಡರ್‌ನಲ್ಲಿ ನಡೆಯುವ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರೀಯ ಜೆನೆಟಿಕ್ಸ್ ಕಾರ್ಯಾಗಾರ ಇದೆ. ಇವುಗಳಲ್ಲಿ ಕಾಯಿಲೆಯ ಕತೆ ಕಡಿಮೆ, ಆದರೆ ಸೋಮವಾರ ವಾಪಸ್ ಬಂದು ಕೂತರೆ ಕೆಲಸ ಮುಂದೆ ಹೋಗುತ್ತದೆ.

ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಬಳಿಯ ಇಂಬಿಝೊ ಶಾಲೆಯೂ ಮೂರು ವಾರದ್ದು, ಗಣಿತದ ನ್ಯೂರೋಸೈನ್ಸ್ ಕಲಿಸುತ್ತದೆ. ಅಲ್ಲಿನ ಬೇಸಿಗೆ ಜನವರಿಯಲ್ಲಿ ಬರುವುದರಿಂದ, ಯುರೋಪ್ ಮತ್ತು ಅಮೆರಿಕದ ಬೇಸಿಗೆಯಾದ ಜೂನ್, ಜುಲೈಯಲ್ಲಿ ಬಿಡುವು ಸಿಗದವರಿಗೆ ಅದು ಹೊಂದಬಹುದು.

ವೇಳಾಪಟ್ಟಿಯಲ್ಲಿ ಏನು ಹುಡುಕಬೇಕು

ಒಂದು ಕೋರ್ಸ್ ಕಾಲಕ್ಕೆ ತಕ್ಕಂತೆ ಇದೆಯೇ ಅಂತ ತಿಳಿಯಲು ನನ್ನ ಮೊದಲ ಪರೀಕ್ಷೆ ಸಂಖ್ಯಾಶಾಸ್ತ್ರ. ಅದಕ್ಕೆ ಎಷ್ಟು ಹೊತ್ತು ಕೊಟ್ಟಿದ್ದಾರೆ ನೋಡಿ. ಇದು ಬೇಜಾರಿನ ವಿಷಯ ಅನ್ನಿಸಬಹುದು, ಆದರೆ ಈ ಕ್ಷೇತ್ರ ಅತಿ ಹೆಚ್ಚು ಪೆಟ್ಟು ತಿಂದಿರುವುದು ಇಲ್ಲೇ.

ಖಿನ್ನತೆಯ ಕತೆ ಕೇಳಿ. ಸೆರೊಟೋನಿನ್ ಸಾಗಿಸುವ ಪ್ರೋಟೀನಿನ ಜೀನ್‌ಗೂ ಆತಂಕದ ಸ್ವಭಾವಕ್ಕೂ ನಂಟಿದೆ ಅಂತ 1996ರಲ್ಲಿ ಒಂದು ವರದಿ ಬಂತು. ಆಮೇಲೆ ಇದೇ ದಾರಿಯಲ್ಲಿ ಖಿನ್ನತೆಗೆ ಕಾರಣವಿರಬಹುದಾದ ಹತ್ತಾರು ಜೀನ್‌ಗಳ ಬಗ್ಗೆ ನೂರಾರು ಪ್ರಬಂಧಗಳು ಬಂದವು. 2019ರಲ್ಲಿ ಬಹುದೊಡ್ಡ ಸಂಖ್ಯೆಯ ಜನರ ಡೇಟಾ ಇಟ್ಟುಕೊಂಡು ಅಂಥ 18 ಹೆಸರಾಂತ ಜೀನ್‌ಗಳನ್ನು ಪರೀಕ್ಷಿಸಿದರು. ಸುಮ್ನೆ ಕಣ್ಣುಮುಚ್ಚಿ ಆರಿಸಿದ ಜೀನ್‌ಗಳಿಗಿಂತ ಅವು ಏನೂ ಹೆಚ್ಚಾಗಿ ಖಿನ್ನತೆಗೆ ನಂಟು ತೋರಿಸಲಿಲ್ಲ. ಎಷ್ಟು ಜನರ ಎಷ್ಟು ವರ್ಷದ ದುಡಿಮೆ! ಕಾರಣ ಮೋಸವಲ್ಲ, ಹೆಚ್ಚಾಗಿ ಚಿಕ್ಕ ಸ್ಯಾಂಪಲ್. ನ್ಯೂರೋಸೈನ್ಸ್ ಅಧ್ಯಯನಗಳಲ್ಲಿ ನಿಜವಾದ ಪರಿಣಾಮವನ್ನು ಹಿಡಿಯುವ ಶಕ್ತಿ ಸಾಮಾನ್ಯವಾಗಿ ನೂರಕ್ಕೆ ಸುಮಾರು 21 ಮಾತ್ರ ಅಂತ 2013ರ ಒಂದು ವಿಶ್ಲೇಷಣೆ ಲೆಕ್ಕ ಹಾಕಿತ್ತು. ಮೆದುಳಿನ ಸ್ಕ್ಯಾನ್‌ಗೂ ಜನರ ಸ್ವಭಾವ, ಬುದ್ಧಿಶಕ್ತಿಗಳಿಗೂ ಇರುವ ನಂಟನ್ನು ನಂಬುವಂತೆ ತೋರಿಸಲು ಸಾವಿರಾರು ಜನ ಬೇಕು ಎಂದು 2022ರ ಇನ್ನೊಂದು ಅಧ್ಯಯನ ಹೇಳಿತು. ಈ ಮೂರು ವಿಷಯಗಳನ್ನು ಮುಟ್ಟದ ಪರಿಚಯ ಕೋರ್ಸ್ ಹೊಸಬರಿಗೆ ಹಳೆಯ ತಪ್ಪನ್ನೇ ಕಲಿಸಿ ಕಳಿಸುತ್ತದೆ.

ಎರಡನೆಯದು ಯಾವ ಕಾಯಿಲೆಗಳು ಪಟ್ಟಿಯಲ್ಲಿವೆ ಎಂಬುದು. 2021ರಲ್ಲಿ ಜಗತ್ತಿನ ಸುಮಾರು 340 ಕೋಟಿ ಜನರಿಗೆ ಒಂದಲ್ಲ ಒಂದು ನರಮಂಡಲದ ತೊಂದರೆ ಇತ್ತು ಎಂಬುದು ಜಾಗತಿಕ ಲೆಕ್ಕ. ಅದರಲ್ಲಿ ಅತಿ ಹೆಚ್ಚು ಆರೋಗ್ಯ ಕಸಿದುಕೊಂಡದ್ದು ಪಾರ್ಶ್ವವಾಯು. ಮೈಗ್ರೇನ್ ಕೂಡ ಪಟ್ಟಿಯಲ್ಲಿ ಮೇಲೇ ಇದೆ. ನಿಮ್ಮ ಆಸಕ್ತಿ ಇವುಗಳಲ್ಲಿದ್ದರೆ, ಮೆದುಳಿನ ಕಾಯಿಲೆ ಅಂತ ಹೆಸರಿರುವ ಕೋರ್ಸ್‌ನಲ್ಲಿ ಬರೀ ಆಲ್ಝೈಮರ್ ಮತ್ತು ಸ್ಕಿಜೋಫ್ರೇನಿಯಾ ಇಲ್ಲವಷ್ಟೇ ಅಂತ ಒಮ್ಮೆ ನೋಡಿಕೊಳ್ಳಿ.

ಮೂರನೆಯದು ಯಾರ ಡೇಟಾ ಎಂಬುದು. ಈವರೆಗಿನ ಜೀನ್ ಅಧ್ಯಯನಗಳಲ್ಲಿ ಬಹುಪಾಲು ಯುರೋಪ್ ಮೂಲದವರದ್ದೇ ಡಿಎನ್‌ಎ. ಕಾಯಿಲೆ ಬರುವ ಸಾಧ್ಯತೆ ಎಷ್ಟು ಅಂತ ಅವರ ಡಿಎನ್‌ಎಯಿಂದ ಲೆಕ್ಕ ಹಾಕಿದ ಅಪಾಯದ ಅಂಕ ಬೇರೆ ಜನರಿಗೆ ಅಷ್ಟು ಚೆನ್ನಾಗಿ ಹೊಂದುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳುವ ಕೋರ್ಸ್ ಬಗ್ಗೆ ನನಗೆ ಗೌರವ ಜಾಸ್ತಿ.

ಖರ್ಚು ಮತ್ತು ದಾರಿ

ಶುಲ್ಕದ ಜೊತೆಗೆ ಪ್ರಯಾಣ, ವಸತಿ, ವೀಸಾ, ಬಿಟ್ಟುಹೋಗುವ ಕೆಲಸದ ದಿನಗಳು ಎಲ್ಲ ಸೇರಿಸಿ ಲೆಕ್ಕ ಹಾಕಿ. ದೊಡ್ಡ ಪ್ರಯೋಗಾಲಯ ಕೋರ್ಸ್‌ಗಳ ಶುಲ್ಕ ನೋಡಿದರೆ ಗಾಬರಿ ಆಗಬಹುದು. ಆದರೆ ಅವುಗಳಲ್ಲಿ ಬಹಳಷ್ಟಕ್ಕೆ ವಿದ್ಯಾರ್ಥಿ ನೆರವು ಇದೆ. ಆಯ್ಕೆಯಾದ ಮೇಲೆ ಕೇಳೋಣ ಅಂತ ಕಾಯಬೇಡಿ, ಅರ್ಜಿಯಲ್ಲೇ ಕೇಳಿ. ನೆರವು ಕೇಳಿದರೆ ಆಯ್ಕೆಯ ಅವಕಾಶ ಕಡಿಮೆ ಆಗುತ್ತದೆಯೇ ಎಂಬ ಅನುಮಾನ ಇದ್ದರೆ ಸಂಘಟಕರಿಗೆ ಒಂದು ಇಮೇಲ್ ಕಳಿಸಿ ನೇರವಾಗಿ ಕೇಳಬಹುದು, ತಪ್ಪೇನಿಲ್ಲ.

ಐಬ್ರೊ, ಅಂದರೆ ಅಂತರರಾಷ್ಟ್ರೀಯ ಮೆದುಳು ಸಂಶೋಧನಾ ಸಂಘಟನೆ, 1961ರಿಂದ ಇದೆ. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಹಲವೆಡೆ ಅದರ ಬೆಂಬಲದಿಂದ ಶಾಲೆಗಳು ನಡೆಯುತ್ತವೆ. ಹಣದ ತೊಂದರೆ ಇರುವವರು ಮೊದಲು ನೋಡಬೇಕಾದದ್ದು ಇವನ್ನು. ಹತ್ತಿರದಲ್ಲಿರುವವರ ಪರಿಚಯ ಆಗುವುದೂ ದೊಡ್ಡ ಲಾಭ. ಮುಂದೆ ಜೊತೆಯಾಗಿ ರೋಗಿಗಳ ಡೇಟಾ ಸೇರಿಸುವ ಕೆಲಸಕ್ಕೆ ಸಾಗರದಾಚೆಯ ಹೆಸರಾಂತ ಪ್ರೊಫೆಸರ್‌ಗಿಂತ ಪಕ್ಕದ ದೇಶದ ಓರಗೆಯವರೇ ಹೆಚ್ಚು ನೆರವಾಗಬಹುದು.

ನನ್ನನ್ನು ಕೇಳಿದರೆ

ವೈದ್ಯಕೀಯ ಓದಿ ಸಂಶೋಧನೆಗೆ ಬರಬೇಕೋ ಬೇಡವೋ ಅಂತ ತೂಗುತ್ತಿರುವವರು ಒಂದು ವಾರದ ಪರಿಚಯ ಕೋರ್ಸ್‌ಗೇ ಹೋಗಿ. ಎರಡನೇ ಯೋಚನೆ ಬೇಡ. ಸಂಶೋಧಕರ ದಿನಚರಿ ಹೇಗಿರುತ್ತದೆ, ರೋಗಿಗಳನ್ನು ನೋಡುತ್ತಲೇ ಸಂಶೋಧನೆ ಮಾಡಲು ಸಮಯ ಮತ್ತು ಹಣ ಎಲ್ಲಿಂದ ಬರುತ್ತದೆ ಅಂತ ಆ ದಾರಿಯಲ್ಲಿ ನಡೆದ ವೈದ್ಯರನ್ನೇ ಕೇಳಬಹುದು.

ಪಿಎಚ್‌ಡಿಯ ಮೊದಲ ವರ್ಷದಲ್ಲಿ ಇಲಿ, ನೊಣ ಅಥವಾ ಕೋಶಗಳ ಜೊತೆ ಕೆಲಸ ಮಾಡುವವರಿಗೂ ಒಂದು ವಾರದ್ದೇ ಸರಿ ಅನ್ನುತ್ತೇನೆ. ಇದಕ್ಕೆ ಕೆಲವರು ಒಪ್ಪಲಾರರು. ಕೈಕೆಲಸ ಬೇಗ ಕಲಿತಷ್ಟೂ ಒಳ್ಳೆಯದು ಅನ್ನುವ ವಾದದಲ್ಲೂ ಹುರುಳಿದೆ. ಆದರೆ ಮೊದಲ ವರ್ಷದಲ್ಲಿ ಪ್ರಶ್ನೆ ಇನ್ನೂ ಬದಲಾಗುತ್ತಿರುತ್ತದೆ. ಪ್ರಶ್ನೆ ಬದಲಾದರೆ ತಂತ್ರವೂ ಬದಲಾಗುತ್ತದೆ. ಎರಡನೇ ಅಥವಾ ಮೂರನೇ ವರ್ಷ, ಪ್ರಯೋಗ ಒಂದು ಕಡೆ ಸಿಕ್ಕಿಹಾಕಿಕೊಂಡಾಗ, ಕಹಾಲ್ ಅಥವಾ ವುಡ್ಸ್ ಹೋಲ್‌ಗೆ ಹೋದರೆ ಏನು ಕೇಳಬೇಕು ಅಂತ ಗೊತ್ತಿರುತ್ತದೆ.

ಭೌತಶಾಸ್ತ್ರ, ಎಂಜಿನಿಯರಿಂಗ್, ಗಣಿತದಿಂದ ಬರುವವರಿಗೆ ಸಹಜವಾಗಿ ನ್ಯೂರೋಮ್ಯಾಚ್ ಕಣ್ಣಿಗೆ ಬೀಳುತ್ತದೆ. ನನ್ನ ಸಲಹೆ ಸ್ವಲ್ಪ ತಿರುಗಾಮುರುಗಾ. ಕೋಡ್ ನಿಮಗೆ ಹೇಗೂ ಬರುತ್ತದೆ. ರೋಗಿಗಳನ್ನು, ಆಸ್ಪತ್ರೆಯನ್ನು ಹತ್ತಿರದಿಂದ ತೋರಿಸುವ ಕೋರ್ಸ್ ನಿಮಗೆ ಜಾಸ್ತಿ ಬೇಕು. ಆನ್‌ಲೈನ್ ಪಾಠಗಳನ್ನು ಸಂಜೆ ಹೊತ್ತು ನೀವೇ ಓದಿಕೊಳ್ಳಬಹುದು. ಪೋಸ್ಟ್‌ಡಾಕ್ ಆಗಿ, ಅಂದರೆ ಪಿಎಚ್‌ಡಿ ನಂತರದ ಸಂಶೋಧಕರಾಗಿ, ಅಧ್ಯಯನದ ಕಾಯಿಲೆ ಬದಲಿಸುತ್ತಿರುವವರು, ಉದಾಹರಣೆಗೆ ಮೂರ್ಛೆ ರೋಗದಿಂದ ಆಟಿಸಂ ಕಡೆಗೆ ಹೊರಳುವವರು, ಚಿಕ್ಕದಾದ, ಆ ಕಾಯಿಲೆಯದ್ದೇ ಆದ ಕಾರ್ಯಾಗಾರ ಹುಡುಕಿ. ಸಾಮಾನ್ಯ ಪರಿಚಯದಲ್ಲಿ ನಿಮಗೆ ಅರ್ಧ ಗೊತ್ತಿರುವುದೇ ಇರುತ್ತದೆ.

ಅರ್ಜಿ

ಜೂನ್, ಜುಲೈ ಕೋರ್ಸ್‌ಗಳ ಅರ್ಜಿ ಹಲವು ತಿಂಗಳ ಮೊದಲೇ, ಚಳಿಗಾಲದಲ್ಲೇ, ಮುಗಿದುಹೋಗುವುದುಂಟು. ವೀಸಾ ಬೇಕಾದವರಿಗೆ ಇನ್ನೂ ಬೇಗ ಉತ್ತರ ಬೇಕಾಗುತ್ತದೆ. ಆಯ್ಕೆಯ ಪತ್ರ ಯಾವಾಗ ಕೈಸೇರುತ್ತದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಯಾಕೆ ಬರಬೇಕೆಂದಿದ್ದೀರಿ ಎಂಬ ಒಂದು ಪುಟದಲ್ಲಿ ಸಾಧನೆಗಳ ಪಟ್ಟಿ ಬರೆಯುವವರೇ ಹೆಚ್ಚು. ಅದು ನಿಮ್ಮ ಸಿವಿಯಲ್ಲಿ ಹೇಗೂ ಇರುತ್ತದೆ. ಆ ಪುಟದಲ್ಲಿ ಈಗ ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಅಂತ ಬರೆಯಿರಿ. "ನನ್ನ ಇಲಿಗಳಲ್ಲಿ ಈ ಬದಲಾವಣೆ ಕಾಣುತ್ತಿದೆ, ರೋಗಿಗಳಲ್ಲಿ ಇದಕ್ಕೆ ಸಮನಾದದ್ದು ಏನು ಅಂತ ಹೇಳುವವರು ನನ್ನ ಸುತ್ತ ಇಲ್ಲ" ಎಂಬ ಒಂದು ಸಾಲು ಹತ್ತು ಪ್ರಶಸ್ತಿಗಳಿಗಿಂತ ಹೆಚ್ಚು ಹೇಳುತ್ತದೆ. ವೇಳಾಪಟ್ಟಿಯ ಯಾವ ದಿನ, ಯಾರ ಪಾಠ ಆ ಗಂಟು ಬಿಡಿಸಬಹುದು ಎಂದೂ ಸೇರಿಸಿ. ಶಿಫಾರಸು ಪತ್ರ ಬರೆಯುವವರಿಗೂ ಇದೇ ಪುಟವನ್ನು ಮೂರು ವಾರ ಮೊದಲೇ ಕಳಿಸಿಬಿಡಿ. ಆಗ ಅವರ ಪತ್ರವೂ ನಿಮ್ಮ ಪುಟವೂ ಒಂದೇ ಮಾತು ಹೇಳುತ್ತವೆ.